ಪ್ರಶ್ನೆ ಕೇಳುವ ವಯಸ್ಸು, ನಂಬಿಕೆ ಬೇರೂರುವ ವಯಸ್ಸು

ಮಗನೋ ಮಗಳೋ ಹತ್ತನೆಯ ತರಗತಿಗೆ ಕಾಲಿಟ್ಟರೆ ಸಾಕು, ನಮ್ಮ ಮನೆಗಳಲ್ಲಿ ಮೂರು ಸಂಗತಿಗಳಿಗೆ ರಜೆ ಘೋಷಣೆಯಾಗುತ್ತದೆ: ಆಟಕ್ಕೆ, ಅಜ್ಜಿಮನೆಗೆ, ದೇವರಿಗೆ. ಮೊಬೈಲಿಗೂ ರಜೆ ಘೋಷಣೆಯಾಗುವುದುಂಟು. ಆದರೆ ಅದು ಜಾರಿಗೆ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ದೇವರ ರಜೆ ರದ್ದಾಗುತ್ತದೆ. ಹಾಲ್ ಟಿಕೆಟನ್ನು ದೇವಸ್ಥಾನಕ್ಕೆ ಒಯ್ಯುವವರು ಒಯ್ಯುತ್ತಾರೆ, ದರ್ಗಾಕ್ಕೆ ಒಯ್ಯುವವರು ಒಯ್ಯುತ್ತಾರೆ, ಚರ್ಚಿನಲ್ಲಿ ಪಾದ್ರಿಗಳ ಕೈಗೆ ಕೊಟ್ಟು ಪ್ರಾರ್ಥನೆ ಮಾಡಿಸುವವರು ಮಾಡಿಸುತ್ತಾರೆ. ಈ ವಿಷಯದಲ್ಲಿ ನಮ್ಮಲ್ಲಿ ಜಾತಿಮತಗಳ ಭೇದವಿಲ್ಲ.

ನಾನು ಕರಾವಳಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ಮೇಷ್ಟ್ರು. ವಾರದ ಆರು ದಿನ ಶಾಲೆಯ ಮಕ್ಕಳೊಡನೆ ಕಳೆಯುತ್ತೇನೆ. ಏಳನೆಯ ದಿನ, ಭಾನುವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲ, ನಮ್ಮ ಚರ್ಚಿನ ಹಿಂದಿರುವ ಹಂಚಿನ ಹಾಲಿನಲ್ಲಿ ಯುವಜನ ಸಂಘದ ಹುಡುಗ ಹುಡುಗಿಯರ ಜೊತೆ ಕೂರುತ್ತೇನೆ. ಅವರಲ್ಲಿ ಅನೇಕರು ನನ್ನ ಶಾಲೆಯವರೇ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅಲ್ಲಿ ಗಿಟಾರ್ ಹಿಡಿದು ಹಾಡುತ್ತಾನೆ. ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು ಎಲ್ಲಕ್ಕೂ ಕೈ ಎತ್ತುವ ಹುಡುಗಿ ಅಲ್ಲಿ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಒಂದೇ ಮಗುವಿಗೆ ಎರಡು ಮುಖಗಳಿರುತ್ತವೆ ಎಂಬುದನ್ನು ನನಗೆ ಕಲಿಸಿದ್ದು ಬಿ.ಎಡ್. ಪಠ್ಯವಲ್ಲ, ಈ ಹಂಚಿನ ಹಾಲು.

ನೂರ ಅರವತ್ತೆಂಟರಲ್ಲಿ ಎರಡು

ಕೆಲವು ವರ್ಷಗಳ ಹಿಂದೆ ಒಂದು ಜೂನ್ ತಿಂಗಳಲ್ಲಿ ಒಬ್ಬ ತಂದೆ ನಮ್ಮ ಮನೆಗೆ ಬಂದರು. ಮೀನಿನ ಲಾರಿ ಓಡಿಸುವವರು. ರಾತ್ರಿಯೆಲ್ಲ ರಸ್ತೆಯ ಮೇಲಿದ್ದು ಬೆಳಿಗ್ಗೆ ಮನೆಗೆ ಬರುವ ಮನುಷ್ಯ. ಮಗ ತನ್ನ ಹಾಗೆ ಸ್ಟೇರಿಂಗ್ ಹಿಡಿಯಬಾರದು ಎಂಬ ಒಂದೇ ಆಸೆ.

‘ಮಾಷ್ಟ್ರೇ, ಈ ವರ್ಷ ಮಗನನ್ನು ಯೂತಿಗೆ ಕಳಿಸುವುದಿಲ್ಲ. ನೀವು ಬೇಜಾರು ಮಾಡಿಕೊಳ್ಳಬಾರದು. ಹತ್ತನೇ ಕ್ಲಾಸು. ಬೆಳಿಗ್ಗೆ ಆರಾಧನೆಗೆ ಬರ್ತಾನೆ, ಅಷ್ಟು ಸಾಕು. ಮಧ್ಯಾಹ್ನ ಲೆಕ್ಕದ ಟ್ಯೂಷನ್ ಹಾಕಿದ್ದೇನೆ’ ಎಂದರು.

‘ವಾರಕ್ಕೆ ಎಷ್ಟು ಗಂಟೆ ಅಂತ ಲೆಕ್ಕ ಹಾಕಿದ್ದೀರಾ?’ ಎಂದು ಕೇಳಿದೆ.

‘ನನಗೆ ಲೆಕ್ಕ ಬರುತ್ತಿದ್ದರೆ ಮಗನಿಗೆ ಟ್ಯೂಷನ್ ಯಾಕೆ ಹಾಕುತ್ತಿದ್ದೆ?’ ಎಂದು ನಕ್ಕರು.

ಲೆಕ್ಕ ನಾನೇ ಹಾಕಿದೆ. ಇಪ್ಪತ್ತನಾಲ್ಕನ್ನು ಏಳರಿಂದ ಗುಣಿಸಿದರೆ ನೂರ ಅರವತ್ತೆಂಟು. ಯುವಜನ ಸಂಘ ಕೇಳುವುದು ಅದರಲ್ಲಿ ಎರಡು ಗಂಟೆ. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಆ ಎರಡು ಗಂಟೆಯಿಂದ ಫೇಲಾಗುವ ಹುಡುಗ ಉಳಿದ ನೂರ ಅರವತ್ತಾರು ಗಂಟೆಯಿಂದಲೂ ಪಾಸಾಗುವುದು ಕಷ್ಟ. ಅವರು ಗೋಡೆಯ ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ನೋಡಿದರು. ‘ನೀವು ಮಾಷ್ಟ್ರು. ಓದು ಅಂತ ಹೇಳಬೇಕಾದವರೇ ಹೀಗೆ ಹೇಳಿದರೆ ಏನು ಮಾಡುವುದು?’ ಎಂದರು. ಕೊನೆಗೆ ಟ್ಯೂಷನ್ನನ್ನು ಶನಿವಾರಕ್ಕೆ ಬದಲಾಯಿಸಿಕೊಂಡರು. ಒಪ್ಪಿ ಬದಲಾಯಿಸಿದರೋ, ನನ್ನ ಮೇಲಿನ ದಾಕ್ಷಿಣ್ಯಕ್ಕೋ, ತಿಳಿಯದು.

ಈ ತಂದೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರ ಭಯ ನಿಜವಾದದ್ದು. ಆದರೆ ಮಗು ಬೆಳೆಯುವುದೆಂದರೆ ಅಂಕ ಬೆಳೆಯುವುದು ಮಾತ್ರವಲ್ಲ ಎಂಬುದನ್ನು ಅಂಕ ಕೊಡುವ ನಾನೇ ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಒಳಗೆ ಏನು ನಡೆಯುತ್ತಿದೆ?

ಹದಿಹರೆಯದಲ್ಲಿ ಮೀಸೆ ಚಿಗುರುವುದು, ಧ್ವನಿ ಒಡೆಯುವುದು, ಮುಖದ ಮೇಲೆ ಮೊಡವೆ ಏಳುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದಿರುವುದು ತಲೆಯೊಳಗಿನ ಬದಲಾವಣೆ. ನಮ್ಮ ಹಣೆಯ ಹಿಂದೆ ಮೆದುಳಿನ ಒಂದು ಭಾಗವಿದೆ. ಮುಂದಾಲೋಚನೆ, ತಾಳ್ಮೆ, ‘ಇದನ್ನು ಮಾಡಿದರೆ ಏನಾದೀತು’ ಎಂಬ ತೂಕ ಇವೆಲ್ಲ ಅದರ ಕೆಲಸ. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ದಶಕದ ನಡುವಿನ ಹೊತ್ತಿಗೆ. ಆದರೆ ಸಂತೋಷ, ರೋಮಾಂಚನ, ಗೆಳೆಯರ ಮೆಚ್ಚುಗೆ ಇವುಗಳಿಗೆ ಓಗೊಡುವ ಭಾಗಗಳು ಹದಿಮೂರು ಹದಿನಾಲ್ಕಕ್ಕೇ ಚುರುಕಾಗಿಬಿಡುತ್ತವೆ. ಇಂಜಿನ್ ಮೊದಲು ಬಂತು, ಬ್ರೇಕ್ ಆಮೇಲೆ ಬರುತ್ತದೆ. ಲಾರಿಯ ಮಾಲೀಕರು ಒಪ್ಪದ ವ್ಯವಸ್ಥೆ ಇದು. ಆದರೆ ಪ್ರಕೃತಿ ನಡೆಸಿಕೊಂಡು ಬಂದಿದೆ.

2005ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹದಿಹರೆಯದವರು ಒಬ್ಬರೇ ಆಡಿದಾಗ ತೆಗೆದುಕೊಂಡ ಅಪಾಯಕ್ಕಿಂತ ಬಹಳ ಹೆಚ್ಚಿನ ಅಪಾಯವನ್ನು ಗೆಳೆಯರು ನೋಡುತ್ತಿದ್ದಾಗ ತೆಗೆದುಕೊಂಡರು. ದೊಡ್ಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ನಮ್ಮ ಊರಿನ ಹುಡುಗ ಒಬ್ಬನೇ ಇರುವಾಗ ಹೆಲ್ಮೆಟ್ ಹಾಕಿಕೊಂಡು ನಿಧಾನಕ್ಕೆ ಹೋಗಿ, ಹಿಂದೆ ಇಬ್ಬರು ಗೆಳೆಯರು ಕುಳಿತ ಕೂಡಲೇ ಬೈಕನ್ನು ಹಾರಿಸುವುದು ಇದೇ ಕಾರಣಕ್ಕೆ.

ಹಾಗಾದರೆ ಗೆಳೆಯರನ್ನೇ ಬಿಡಿಸಿಬಿಡೋಣವೆ? ಅದು ಆಗುವ ಮಾತಲ್ಲ. ಈ ವಯಸ್ಸಿನಲ್ಲಿ ಗೆಳೆತನ ಗಾಳಿಯಷ್ಟೇ ಅಗತ್ಯ. ನಾವು ಮಾಡಬಹುದಾದದ್ದು ಇಷ್ಟೇ: ಗೆಳೆಯರು ಸೇರುವ ಒಂದು ಒಳ್ಳೆಯ ಜಾಗ, ಅಲ್ಲಿ ಕಣ್ಣಿಟ್ಟಿರುವ ಆದರೆ ಕಾವಲು ಕಾಯದ ಒಬ್ಬಿಬ್ಬರು ದೊಡ್ಡವರು, ಮತ್ತು ಮೆಚ್ಚುಗೆ ಗಳಿಸಲು ಬೈಕಿಗಿಂತ ಬೇರೆಯದೊಂದು ದಾರಿ. ಚರ್ಚಿನ ಯುವಜನ ಸಂಘಕ್ಕೆ ಸರಿಯಾಗಿ ನಡೆದರೆ ಈ ಮೂರನ್ನೂ ಕೊಡುವ ಶಕ್ತಿಯಿದೆ. ಬೇರೆ ಧರ್ಮಗಳ ಭಜನಾ ಮಂಡಳಿ, ಯುವಕ ಮಂಡಲ, ಸೇವಾದಳಗಳಿಗೂ ಇದೆ. ನಾನು ಬಲ್ಲದ್ದು ಚರ್ಚಿನದ್ದಾದ್ದರಿಂದ ಅದನ್ನೇ ಹೇಳುತ್ತಿದ್ದೇನೆ.

ಮಕ್ಕಳನ್ನು ನೋಡಿದವರು

ಇದು ಇಂದು ನಿನ್ನೆಯ ಯೋಚನೆಯಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯ ಒಡೆಯರು ಭಾನುವಾರ ಬೀದಿಯಲ್ಲಿ ಅಲೆಯುವ ಮಕ್ಕಳನ್ನು ನೋಡಿದರು. ವಾರವೆಲ್ಲ ಗುಂಡುಸೂಜಿಯ ಕಾರ್ಖಾನೆಗಳಂಥ ಕಡೆ ದುಡಿಯುವ ಮಕ್ಕಳವು. ಬಿಡುವಿದ್ದದ್ದು ಆ ಒಂದು ದಿನ. ಆ ದಿನವೇ ಅವರಿಗೆ ಓದು ಕಲಿಸಲು ಶಾಲೆ ತೆರೆದರು. ಭಾನುವಾರದ ಶಾಲೆಗಳು ಲೋಕಕ್ಕೆಲ್ಲ ಹಬ್ಬಿದ್ದು ಆ ಪ್ರಯತ್ನದಿಂದ. ಓದು ಮತ್ತು ಭಕ್ತಿ ಅಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದವು; ಒಂದು ಇನ್ನೊಂದನ್ನು ‘ಈ ವರ್ಷ ಬೇಡ’ ಎಂದು ಎಬ್ಬಿಸಿ ಕಳಿಸಿರಲಿಲ್ಲ.

1844ರಲ್ಲಿ ಲಂಡನ್ನಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ ಎಂಬ ಯುವಕ ಜೊತೆಯ ಕೆಲಸಗಾರರನ್ನು ಸೇರಿಸಿಕೊಂಡು ವೈ.ಎಂ.ಸಿ.ಎ. ಕಟ್ಟಿದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಊರು ಬಿಟ್ಟು ಬಂದು, ದಿನವಿಡೀ ದುಡಿದು, ಸಂಜೆ ಹೋಗಲು ಎಲ್ಲೂ ಜಾಗವಿಲ್ಲದ ಹುಡುಗರಿಗೆ ಪ್ರಾರ್ಥನೆಯ, ಗೆಳೆತನದ ಒಂದು ತಾಣ ಬೇಕಿತ್ತು. ಮುಂದೆ ಅದೇ ಸಂಸ್ಥೆಯ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ತರಬೇತಿ ಶಾಲೆಯಲ್ಲಿ 1891ರ ಚಳಿಗಾಲದಲ್ಲಿ ಒಳಾಂಗಣದಲ್ಲಿ ಕೂಡಿಹಾಕಲ್ಪಟ್ಟ ಹುಡುಗರ ಚಡಪಡಿಕೆಯನ್ನು ಪಳಗಿಸಬೇಕಾಗಿ ಬಂತು. ದೇವಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಎರಡು ಬುಟ್ಟಿಗಳನ್ನು ಗೋಡೆಗೆ ಹೊಡೆದು, ಹದಿಮೂರು ನಿಯಮ ಬರೆದರು. ಬಾಸ್ಕೆಟ್‌ಬಾಲ್ ಹುಟ್ಟಿತು. ನಾಲ್ಕು ವರ್ಷಗಳ ನಂತರ, 1895ರಲ್ಲಿ, ಹತ್ತಿರದ ಹೋಲಿಯೋಕ್‌ನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ರೂಪಿಸಿದರು. ಇಂದು ನಮ್ಮ ಕರಾವಳಿಯ ಊರುಗಳಲ್ಲಿ ದೀಪ ಹಾಕಿ ರಾತ್ರಿಯಿಡೀ ನಡೆಯುವ ವಾಲಿಬಾಲ್ ಪಂದ್ಯಗಳ ಮೂಲ ಅಲ್ಲಿದೆ. ‘ಚರ್ಚಿನಲ್ಲಿ ಆಟ ಯಾಕೆ?’ ಎಂದು ಕೇಳುವ ಹಿರಿಯರಿಗೆ ನಾನು ಈ ಕಥೆ ಹೇಳುವುದುಂಟು.

ನಮ್ಮ ಕರಾವಳಿಗೇ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಬರೀ ಉಪದೇಶ ಮಾಡಿ ಕೂರಲಿಲ್ಲ. 1841ರಲ್ಲಿ ಮುದ್ರಣಾಲಯ ತೆರೆದರು. 1843ರಲ್ಲಿ ಅವರ ಹರ್ಮನ್ ಮೋಗ್ಲಿಂಗ್ ಅವರಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ನಂಬಿಕೆ ಎಂದರೆ ಕಣ್ಣು ಮುಚ್ಚಿ ಕೂರುವುದಲ್ಲ, ಕೈಗೆ ಕೆಲಸ ಬೇಕು, ತಲೆಗೆ ಓದು ಬೇಕು ಎಂಬುದನ್ನು ನನ್ನ ಅಜ್ಜನ ಕಾಲದವರು ಹಂಚು ಹೊತ್ತೇ ಕಲಿತರು.

ಯುವಜನ ಸಂಘ ನಡೆಸುವ ವಿಧಾನದಲ್ಲಿ ನಾನು ಸಾಲ ತಂದದ್ದು ಮಾತ್ರ ನಮ್ಮ ನೆರೆಯ ಕಥೋಲಿಕರಿಂದ. ಬೆಲ್ಜಿಯಂ ದೇಶದ ಪಾದ್ರಿ ಜೋಸೆಫ್ ಕಾರ್ಡೈನ್ ಕೂಲಿಕಾರರ ಮಗ. ಗುರುಮಠಕ್ಕೆ ಓದಲು ಹೋಗಿ ರಜೆಗೆ ಊರಿಗೆ ಬಂದಾಗ, ಕಾರ್ಖಾನೆಗೆ ಸೇರಿದ್ದ ಹಳೆಯ ಗೆಳೆಯರು ತನ್ನನ್ನು ಪರಕೀಯನಂತೆ ನೋಡಿದ್ದು ಅವರ ಮನಸ್ಸಿಗೆ ನಾಟಿತು. 1925ರಲ್ಲಿ ದುಡಿಯುವ ಯುವಕರ ಸಂಘಟನೆ ಕಟ್ಟಿದರು. ಅವರ ಸೂತ್ರ ಮೂರೇ ಮಾತಿನದು: ನೋಡು, ತೂಗು, ಮಾಡು. ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿರುವ ವೈ.ಸಿ.ಎಸ್. ವಿದ್ಯಾರ್ಥಿ ಬಳಗಗಳು ಅನುಸರಿಸುವುದು ಇದನ್ನೇ. ವಿಜ್ಞಾನದ ಮೇಷ್ಟ್ರಿಗೆ ಇದು ಬಹಳ ಪರಿಚಿತ. ಪ್ರಯೋಗಾಲಯದಲ್ಲಿ ನಾವು ಹೇಳುವ ವೀಕ್ಷಣೆ, ತೀರ್ಮಾನ, ಪ್ರಯೋಗಗಳ ಸಂಬಂಧಿಕರೇ ಇವು!

ಒಂದು ಭಾನುವಾರ ‘ನೋಡು’ ಎಂದಾಗ ಒಬ್ಬ ಹುಡುಗಿ ಹೇಳಿದಳು: ‘ಮೊದಲೆಲ್ಲ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ನಾಲ್ಕು ಅಜ್ಜಿಯರು ಈಗ ಬರುತ್ತಲೇ ಇಲ್ಲ.’ ಮಕ್ಕಳು ವಿಚಾರಿಸಿದರು. ಒಬ್ಬರಿಗೆ ಮೊಣಕಾಲು ನೋವು, ಚರ್ಚಿನ ಮೆಟ್ಟಿಲು ಹತ್ತಲಾಗದು. ಒಬ್ಬರಿಗೆ ಆಟೋಕ್ಕೆ ಹಣವಿಲ್ಲ. ಇನ್ನಿಬ್ಬರನ್ನು ಕರೆದುಕೊಂಡು ಬರಲು ಮನೆಯಲ್ಲಿ ಯಾರೂ ಇಲ್ಲ. ತೂಗಿ ನೋಡಿದರು. ಬೆಳೆ ಹಬ್ಬದ ಹರಾಜಿನ ದಿನ ಚಹಾ, ಗೋಳಿಬಜೆಯ ಅಂಗಡಿ ಇಟ್ಟು ಹಣ ಕೂಡಿಸಿದರು. ಮೆಟ್ಟಿಲಿನ ಬದಿಗೆ ಕಬ್ಬಿಣದ ಹಿಡಿಕಂಬಿ ಹಾಕಿಸಿದರು. ಆಟೋದ ಲೆಕ್ಕ ಬರೆಯಲು ಒಂದು ಪುಸ್ತಕ ಇಟ್ಟರು. ಇಳಿಜಾರು ಹಲಗೆ ಎಷ್ಟು ಉದ್ದವಿದ್ದರೆ ಗಾಲಿಕುರ್ಚಿ ತಳ್ಳಲು ಸುಲಭ ಎಂಬ ಲೆಕ್ಕವನ್ನು, ತರಗತಿಯಲ್ಲಿ ಆಕಳಿಸುತ್ತಿದ್ದ ಹುಡುಗನೇ ಬಿಡಿಸಿದ. ಆ ದಿನ ಅವನ ಮುಖ ನೋಡಬೇಕಿತ್ತು!

‘ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ, ಸರ್?’

ಸೇವೆ ಸುಲಭ, ಕಷ್ಟವಾಗುವುದು ಪ್ರಶ್ನೆಗಳು. ಒಬ್ಬಳು ಒಂದು ಸಂಜೆ ಎದ್ದು ನಿಂತು ಕೇಳಿದಳು: ‘ಸರ್, ದೇವರು ಆರು ದಿನದಲ್ಲಿ ಲೋಕ ಸೃಷ್ಟಿ ಮಾಡಿದರು ಅಂತ ಇಲ್ಲಿ ಕಲಿಯುತ್ತೇವೆ. ವಿಶ್ವಕ್ಕೆ 1380 ಕೋಟಿ ವರ್ಷ ಅಂತ ನೀವೇ ಶಾಲೆಯಲ್ಲಿ ಹೇಳಿದ್ದೀರಿ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?’ ಹಾಲಿನಲ್ಲಿ ನಗು. ಬಾಗಿಲ ಬಳಿ ನಿಂತಿದ್ದ ಒಬ್ಬ ಹಿರಿಯರ ಮುಖ ಗಂಟಿಕ್ಕಿತು. ಸಭಾಪಾಲಕರು ನನ್ನ ಕಡೆ ನೋಡಿದರು.

‘ವಿಜ್ಞಾನದ ಪತ್ರಿಕೆಯಲ್ಲಿ 1380 ಕೋಟಿ ವರ್ಷ ಬರೆ. ಅದು ನಿಜ’ ಎಂದೆ. ‘ಈಗ ಇನ್ನೊಂದನ್ನು ನೋಡೋಣ. ಆಟೋದ ಅಜ್ಜಿಗೆ ಎಪ್ಪತ್ತೆಂಟು ವರ್ಷ, ನಲವತ್ತೊಂದು ಕೆ.ಜಿ. ತೂಕ. ಇದೂ ನಿಜ. ಆದರೆ ಅವರನ್ನು ಕರೆದುಕೊಂಡು ಬರಬೇಕು ಅಂತ ನಿನಗೆ ಯಾಕೆ ಅನ್ನಿಸಿತು? ಅದನ್ನು ತಕ್ಕಡಿ ಹೇಳುತ್ತದೆಯೆ?’ ಲೋಕ ಹೇಗೆ ಆಯಿತು ಎಂಬುದು ಒಂದು ಪ್ರಶ್ನೆ. ಅದು ಯಾಕಾದರೂ ಇದೆ, ಅದರಲ್ಲಿ ನಾನು ಹೇಗೆ ಬದುಕಬೇಕು ಎಂಬುದು ಇನ್ನೊಂದು ಪ್ರಶ್ನೆ. ಎರಡೂ ಬೇರೆ ಬೇರೆ ಪ್ರಶ್ನೆಪತ್ರಿಕೆಗಳು. ಒಂದರ ಉತ್ತರವನ್ನು ಇನ್ನೊಂದರಲ್ಲಿ ಬರೆದರೆ ಎರಡರಲ್ಲೂ ಸೊನ್ನೆ.

ಇದು ನನ್ನ ಜಾಣತನವಲ್ಲ. ಸಂತ ಅಗಸ್ಟೀನರು ಸುಮಾರು 1600 ವರ್ಷಗಳ ಹಿಂದೆಯೇ, ಸೃಷ್ಟಿಯ ಆ ದಿನಗಳನ್ನು ನಮ್ಮ ಗಡಿಯಾರದ ದಿನಗಳೆಂದು ತಿಳಿಯಬೇಕಿಲ್ಲ ಎಂದಿದ್ದರು. ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠದಲ್ಲಿ ಬರುವ ಗ್ರೆಗರ್ ಮೆಂಡೆಲ್ ಒಬ್ಬ ಸನ್ಯಾಸಿ. ಬ್ರನೊ ಪಟ್ಟಣದ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ ಎಣಿಸಿದರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ, ಅದು ಒಂದು ಆದಿಕಣದಿಂದ ಹೊಮ್ಮಿತೆಂದು 1931ರಲ್ಲಿ ಸೂಚಿಸಿದ ಜಾರ್ಜ್ ಲೆಮೆತ್ರ್ ಕಥೋಲಿಕ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಹೊಸ ಖಗೋಳ ವಿಜ್ಞಾನ ಸೃಷ್ಟಿಕರ್ತನಿಗೆ ಸಾಕ್ಷಿ ಹೇಳುತ್ತಿದೆ ಎಂಬ ಅರ್ಥದ ಭಾಷಣ ಮಾಡಿದಾಗ, ಸಂತೋಷಪಡಬೇಕಾಗಿದ್ದ ಲೆಮೆತ್ರ್ ಮುಜುಗರಪಟ್ಟರು. ತಮ್ಮ ಸಿದ್ಧಾಂತ ಧರ್ಮದ ಪರವೂ ಅಲ್ಲ, ವಿರುದ್ಧವೂ ಅಲ್ಲ ಎಂಬುದು ಅವರ ನಿಲುವು. ನನ್ನ ಮಕ್ಕಳಿಗೆ ನಾನು ತೋರಿಸುವ ಮಾದರಿ ಈ ಮನುಷ್ಯ: ಬೆಳಿಗ್ಗೆ ಪೂಜೆ, ಆಮೇಲೆ ಸಮೀಕರಣ, ಎರಡರಲ್ಲೂ ಪ್ರಾಮಾಣಿಕತೆ.

ಎಲ್ಲ ಕಡೆ ಹೀಗೆ ನಡೆಯುವುದಿಲ್ಲ. ಬೇರೊಂದು ಊರಿನ ಒಂದು ಯುವಜನ ಶಿಬಿರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಪ್ರಶ್ನೆ ಕೇಳಿದನಂತೆ. ‘ನಿನ್ನ ಬಾಯಲ್ಲಿ ಸೈತಾನ ಮಾತಾಡುತ್ತಿದ್ದಾನೆ’ ಎಂದು ಭಾಷಣಕಾರರು ನೂರು ಜನರ ಮುಂದೆ ಹೇಳಿದರು. ಹುಡುಗ ಕುಳಿತುಕೊಂಡ. ಆ ದಿನದಿಂದ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಅವನೀಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಮಾತಾಡುತ್ತಾನೆ. ‘ಸರ್, ನನಗೆ ದೇವರ ಮೇಲೆ ಕೋಪ ಇರಲಿಲ್ಲ, ಸಂಶಯವೂ ಅಷ್ಟೇನೂ ಇರಲಿಲ್ಲ. ನಾನು ಬರೀ ಕೇಳಿದ್ದೆ’ ಎಂದ ಒಮ್ಮೆ. ಹದಿಹರೆಯದವರನ್ನು ಧರ್ಮದಿಂದ ದೂರ ಮಾಡುವುದು ವಿಜ್ಞಾನ ಎನ್ನುತ್ತಾರೆ. ನಾನು ಕಂಡ ಮಟ್ಟಿಗೆ ಅವರನ್ನು ದೂರ ಮಾಡುವುದು ಅವಮಾನ.

ಇನ್ನೊಂದು ತುದಿಯೂ ಇದೆ. ಪ್ರಶ್ನೆಯೂ ಬೇಡ, ಪ್ರಾರ್ಥನೆಯೂ ಬೇಡ. ದೊಡ್ಡ ಸ್ಪೀಕರ್, ಬಣ್ಣದ ದೀಪ, ಬಿರಿಯಾನಿ ಇದ್ದರೆ ಮಕ್ಕಳು ಬರುತ್ತಾರೆ ಎಂಬ ಲೆಕ್ಕಾಚಾರ. ಬರುತ್ತಾರೆ ನಿಜ. ಅದಕ್ಕಿಂತ ದೊಡ್ಡ ಸ್ಪೀಕರ್ ಸಿಕ್ಕಿದ ದಿನ ಅಲ್ಲಿಗೆ ಹೋಗುತ್ತಾರೆ.

ಮತ್ತೊಂದು ಮಾತನ್ನು ತಂದೆತಾಯಂದಿರು ಸಂಕೋಚವಿಲ್ಲದೆ ವಿಚಾರಿಸಬೇಕು: ಅಲ್ಲಿ ಮಕ್ಕಳು ಸುರಕ್ಷಿತವೆ? ದೇವರ ಹೆಸರಿದ್ದ ಮಾತ್ರಕ್ಕೆ ಎಚ್ಚರ ಬೇಡವೆಂದಿಲ್ಲ. ನಮ್ಮಲ್ಲಿ ನಿಯಮವಿದೆ. ಯಾವ ದೊಡ್ಡವರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ. ಶಿಬಿರಕ್ಕೆ ಹೋದರೆ ಹೆಂಗಸರೊಬ್ಬರಾದರೂ ಜೊತೆಗಿರಬೇಕು. ರಾತ್ರಿ ಹೊತ್ತು ಮಕ್ಕಳಿಗೆ ಖಾಸಗಿ ಸಂದೇಶ ಕಳಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ‘ಚರ್ಚಿನ ಮರ್ಯಾದೆ’, ‘ಊರಿನ ಮರ್ಯಾದೆ’ ಎಂದು ಮುಚ್ಚಿಡುವಂತಿಲ್ಲ. ಈ ನಿಯಮಗಳನ್ನು ಕೇಳಿ ಕೋಪಿಸಿಕೊಳ್ಳುವ ನಾಯಕರಿದ್ದರೆ ಅಲ್ಲಿಗೆ ಮಕ್ಕಳನ್ನು ಕಳಿಸಬೇಡಿ.

ಫಲಿತಾಂಶದ ದಿನ

ಲಾರಿ ಚಾಲಕರ ಮಗನ ವಿಷಯಕ್ಕೆ ಬರುತ್ತೇನೆ. ಹುಡುಗ ಆ ವರ್ಷ ಭಾನುವಾರ ತಪ್ಪಿಸದೆ ಬಂದ. ಓದಿದ ಕೂಡ. ಆದರೆ ಫಲಿತಾಂಶ ಬಂದಾಗ ಗಣಿತದಲ್ಲಿ ಹೇಗೋ ದಡ ಸೇರಿದ್ದ, ಅಷ್ಟೇ. ವಿಜ್ಞಾನ ವಿಭಾಗದ ಆಸೆ ಮುಗಿಯಿತು. ತಂದೆ ನನ್ನನ್ನು ಬೈದರೆ ಬೈಯಲಿ ಎಂದು ನಾನೇ ಅವರ ಮನೆಗೆ ಹೋದೆ. ಅವರು ಬೈಯಲಿಲ್ಲ. ಅಂಗಳದಲ್ಲಿ ಕುಳಿತಿದ್ದರು. ‘ಎರಡು ದಿನ ಆಯಿತು ಮಾಷ್ಟ್ರೇ, ಕೋಣೆಯ ಬಾಗಿಲು ತೆಗೆದಿಲ್ಲ. ಊಟ ಹೊರಗೆ ಇಟ್ಟರೆ ಹಾಗೇ ಇರುತ್ತದೆ. ನಾನು ಏನೂ ಬೈದಿಲ್ಲ, ದೇವರಾಣೆ’ ಎಂದರು. ದೊಡ್ಡ ದೊಡ್ಡ ಲಾರಿಗಳನ್ನು ಘಾಟಿ ಇಳಿಸುವ ಕೈ ನಡುಗುತ್ತಿತ್ತು.

ನಾನು ಬಾಗಿಲು ತಟ್ಟಿದೆ. ಉತ್ತರ ಬರಲಿಲ್ಲ. ಮೇಷ್ಟ್ರ ಧ್ವನಿ ಕೇಳಿ ಬಾಗಿಲು ತೆಗೆಯುವ ದಿನವೇ ಅಲ್ಲ ಅದು.

ಸಂಜೆ ಯುವಜನ ಸಂಘದ ಐದಾರು ಮಕ್ಕಳು ಬಂದರು. ಅವರೊಡನೆ ಸಂಘದ ಹಿರಿಯಳು, ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುವ, ಎಲ್ಲರೂ ‘ಅಕ್ಕ’ ಎಂದು ಕರೆಯುವ ಹುಡುಗಿ. ಯಾರೂ ಬುದ್ಧಿ ಹೇಳಲಿಲ್ಲ. ಬೈಬಲ್ ತೆರೆಯಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕುಳಿತು ತಮ್ಮ ತಮ್ಮೊಳಗೇ ಮಾತಾಡಿದರು, ನಕ್ಕರು, ಒಂದು ಹಾಡು ಹೇಳಿದರು. ಕಡೆಗೆ ಅಕ್ಕ ಬಾಗಿಲಿನ ಕಡೆ ತಿರುಗಿ, ‘ನಾಳೆ ಭಾನುವಾರ. ಆಟೋದ ಲೆಕ್ಕದ ಪುಸ್ತಕ ನಿನ್ನ ಹತ್ತಿರ ಇದೆ. ಅಜ್ಜಿಯರನ್ನು ಕರೆತರುವುದು ಯಾರು?’ ಎಂದು ಕೇಳಿದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲು ಪುಸ್ತಕ ತೂರುವಷ್ಟು ತೆರೆಯಿತು. ಅವಳು ಪುಸ್ತಕ ತೆಗೆದುಕೊಳ್ಳಲಿಲ್ಲ. ‘ನನಗೆ ನಾಳೆ ಡ್ಯೂಟಿ ಇದೆ. ನೀನೇ ಹೋಗಬೇಕು’ ಎಂದಳು. ಬಾಗಿಲು ಇನ್ನಷ್ಟು ತೆರೆಯಿತು.

ಮರುದಿನ ಅವನು ಅಜ್ಜಿಯರನ್ನು ಕರೆತಂದ. ಯಾವ ಅಜ್ಜಿಯೂ ಅವನ ಅಂಕ ಕೇಳಲಿಲ್ಲ. ಒಬ್ಬರು ಮಾತ್ರ ‘ಯಾಕೆ ಮಗಾ, ಮುಖ ಸಣ್ಣದಾಗಿದೆ? ಊಟ ಮಾಡಿದ್ದೀಯಾ?’ ಎಂದು ಕೇಳಿದರಂತೆ.

ಅವನು ಐ.ಟಿ.ಐ. ಸೇರಿ ಎಲೆಕ್ಟ್ರಿಷಿಯನ್ ಆದ. ಕೈತುಂಬ ಕೆಲಸವಿದೆ. ಚರ್ಚಿಗೆ ಪ್ರತಿ ವಾರ ಬರುತ್ತಾನೆಂದು ಹೇಳಲಾರೆ. ಕ್ರಿಸ್ಮಸ್ಸಿಗೆ ದೀಪ ಹಾಕಲು ತಪ್ಪದೆ ಬರುತ್ತಾನೆ. ಅವನ ನಂಬಿಕೆ ಎಷ್ಟಿದೆ ಎಂದು ಅಳೆಯುವ ಮಾಪಕ ನನ್ನ ಪ್ರಯೋಗಾಲಯದಲ್ಲಿಲ್ಲ. ಆದರೆ ಕೆಲಸಕ್ಕೆ ಬಾರದವನು ತಾನು ಎಂದು ಅವನಿಗೆ ಅನ್ನಿಸಿದ ಆ ಎರಡು ದಿನಗಳಲ್ಲಿ, ‘ನೀನೇ ಬೇಕು’ ಎಂದು ಹೇಳಲು ಬಾಗಿಲಿನ ಹೊರಗೆ ಕೆಲವರಿದ್ದರು. ಆ ಕೆಲವರು ಫಲಿತಾಂಶದ ದಿನ ಹುಟ್ಟಿಕೊಂಡವರಲ್ಲ. ಪ್ರತಿ ಭಾನುವಾರದ ಎರಡೆರಡು ಗಂಟೆ ಕೂಡಿ ಕೂಡಿ ಆದವರು.

ಇಬ್ಬರಿಗೂ ಒಂದೊಂದು ಮಾತು

ವಿದ್ಯಾರ್ಥಿಗಳೇ, ನಿಮ್ಮ ಸಂಶಯಗಳಿಗೆ ನಾಚಬೇಡಿ. ಆದರೆ ಒಂದು ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ಎದ್ದು ಹೋಗಬೇಡಿ. ಮೆಂಡೆಲ್ ಎಂಟು ವರ್ಷ ಬಟಾಣಿ ಎಣಿಸಿದರು. ಅವರ ಕೆಲಸದ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ, ಅವರು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ. ಬಟಾಣಿಗೇ ಅಷ್ಟು ತಾಳ್ಮೆ ಬೇಕಾದರೆ ದೇವರ ವಿಷಯಕ್ಕೆ ಸ್ವಲ್ಪವಾದರೂ ಬೇಡವೆ? ರಾತ್ರಿ ಮೊಬೈಲ್ ಬದಿಗಿಟ್ಟು ನಿದ್ದೆ ಮಾಡಿ. ನಿಮ್ಮ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ವೈದ್ಯರೇ ಹೇಳುತ್ತಾರೆ. ಭಾನುವಾರದ ಪ್ರಸಂಗ ಅದರ ಲೆಕ್ಕಕ್ಕೆ ಸೇರುವುದಿಲ್ಲ.

ತಂದೆತಾಯಂದಿರೇ, ಯೇಸುಸ್ವಾಮಿಯ ಹದಿಹರೆಯದ ಬಗ್ಗೆ ಸುವಾರ್ತೆಗಳಲ್ಲಿ ಇರುವುದು ಒಂದೇ ಒಂದು ಘಟನೆ. ಲೂಕನು ಬರೆದಿದ್ದಾನೆ. ಹನ್ನೆರಡು ವರ್ಷದ ಹುಡುಗ ಹಬ್ಬಕ್ಕೆ ಹೋದವನು ಯೆರೂಸಲೇಮಿನಲ್ಲೇ ಉಳಿದುಬಿಟ್ಟ. ತಂದೆತಾಯಿ ಹುಡುಕಿ ಹುಡುಕಿ ಮೂರು ದಿನಗಳಾದ ಮೇಲೆ ದೇವಾಲಯದಲ್ಲಿ ಕಂಡರು. ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತಿದ್ದ, ಅವರನ್ನು ಪ್ರಶ್ನೆ ಕೇಳುತ್ತಿದ್ದ. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ: ಕೇಳುವುದು. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಆ ಬೋಧಕರು ಅವನನ್ನು ಗದರಿಸಿ ಓಡಿಸಲಿಲ್ಲ, ಬೆರಗಾದರು. ತಾಯಿಗೆ ಅವನ ಮಾತು ಪೂರ್ತಿ ಅರ್ಥವಾಗಲಿಲ್ಲ, ಆದರೂ ಮನಸ್ಸಿನಲ್ಲಿಟ್ಟುಕೊಂಡಳು. ಹುಡುಗ ಅವರೊಡನೆ ಊರಿಗೆ ಹೋದ, ಅವರ ಮಾತಿನಂತೆ ನಡೆದ, ಬೆಳೆದ.

ಇನ್ನು ಮುಂದೆ ಮಕ್ಕಳು ಚರ್ಚಿನಿಂದಲೋ, ಭಜನೆಯಿಂದಲೋ, ಮದರಸಾದಿಂದಲೋ, ಶಾಲೆಯಿಂದಲೋ ಮನೆಗೆ ಬಂದಾಗ ‘ಎಷ್ಟು ಸಿಕ್ಕಿತು?’ ಎಂದು ವಿಚಾರಿಸುವ ಬದಲು ‘ಇವತ್ತು ಏನು ಕೇಳಿದೆ?’ ಎಂದು ವಿಚಾರಿಸಿ ನೋಡಿ. ಅವರು ಯಾವ ಅರ್ಥದಲ್ಲಿ ಉತ್ತರ ಕೊಟ್ಟರೂ ಸರಿಯೇ. ಕುಳಿತು ಕೇಳಿಸಿಕೊಳ್ಳಲು ಮಾತ್ರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ.